ಮೌನದ ಬೆಲೆ 128

ಚೆಂಡುಹೂವಿನ ಫೋಟೋ ಒಂದು ಪರದೆಯ ಮೇಲೆ ನೀಲಿಯಾಗಿ ಅರಳಿದೆ. ಎಲೆಗಳು ಹಸಿರಾಗಿಯೇ ಇವೆ. ಹಿಂದೆ ನಿಂತ ಬೇಲಿಯ ಕಲ್ಲುಕಂಬಗಳ ಬೂದುಬಣ್ಣವೂ ಕದಲಿಲ್ಲ. ಹೂವು ಮಾತ್ರ, ನಮ್ಮ ಕಡೆಯಿಂದ ಹೊಸೂರಿಗೆ ಮೂಟೆಗಟ್ಟಲೆ ಹೋಗುವ ಆ ಬೆಚ್ಚನೆಯ ಕಿತ್ತಳೆ ಹೂವು ಮಾತ್ರ, ತಿಳಿಯಾದ ಆಕಾಶನೀಲಿಗೆ ತಿರುಗಿದೆ. ಪ್ರೋಗ್ರಾಮಿನ ತಪ್ಪುಗಳಲ್ಲಿ, ಅಂದರೆ ಬಗ್‌ಗಳಲ್ಲಿ, ಇಷ್ಟು ಚೆಲುವಾದ ಬಗ್ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ. ಕಂಡ ಕೂಡಲೇ ಸರಿಪಡಿಸಲು ಕೈ ಹಾಕಬಾರದು. ಒಂದು ಗಳಿಗೆ ಸುಮ್ಮನೆ ಕೂತು ನೋಡಬೇಕು. ತಪ್ಪು ಎಲ್ಲಿದೆ, ಎಂಥದ್ದು ಎಂಬುದನ್ನು ಆ ಚಿತ್ರವೇ ಬಾಯಿಬಿಟ್ಟು ಹೇಳುತ್ತಿರುತ್ತದೆ.

ಈ ಫೋಟೋದ ಒಂದೊಂದು ಚುಕ್ಕೆಗೂ ಮೂರು ಬೈಟ್: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಚೆಂಡುಹೂವಿನ ಕಿತ್ತಳೆ ಎಂದರೆ ಸರಿಸುಮಾರು 255, 140, 0. ಈ ಮೂರನ್ನು ಹಿಂದಿನಿಂದ ಮುಂದಕ್ಕೆ ಓದಿ: 0, 140, 255. ಅದೇ ಆ ಆಕಾಶನೀಲಿ. ಎಲೆಯಲ್ಲಿ ಹೆಚ್ಚಿರುವುದು ನಡುವಿನ ಹಸಿರು. ತುದಿಯ ಎರಡನ್ನು ಅದಲುಬದಲು ಮಾಡಿದರೂ ನಡುವಿನದು ನಡುವೆಯೇ ಉಳಿಯುತ್ತದೆ. ಕಲ್ಲುಕಂಬದ ಬೂದುಬಣ್ಣದಲ್ಲಿ ಮೂರೂ ಸಮಸಮ, ಯಾವ ತುದಿಯಿಂದ ಓದಿದರೂ ಬೂದುಬಣ್ಣವೇ. ಹೀಗೆ ಬದಲಾದದ್ದು, ಬದಲಾಗದೆ ಉಳಿದದ್ದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಸಾಕು, ಕೋಡಿನ ಒಂದು ಸಾಲನ್ನೂ ತೆರೆಯದೆ ರೋಗ ಯಾವುದೆಂದು ಹೇಳಿಬಿಡಬಹುದು.

ರೋಗದ ಮೂಲ ಯಂತ್ರದ ಹುಟ್ಟುಗುಣದಲ್ಲಿದೆ. ಇಂಟೆಲ್ ಜಾತಿಯ ಪ್ರೊಸೆಸರ್ ದೊಡ್ಡ ಸಂಖ್ಯೆಯೊಂದನ್ನು ಮೆಮೊರಿಯಲ್ಲಿಡುವಾಗ ಕಿರಿಯ ಬೈಟನ್ನು ಮೊದಲಿಡುತ್ತದೆ. 2006ರವರೆಗೆ ಆಪಲ್ ಮಾರುತ್ತಿದ್ದ ಪವರ್‌ಪಿಸಿ ಮ್ಯಾಕ್‌ಗಳು ಹಿರಿಯ ಬೈಟನ್ನು ಮೊದಲಿಡುತ್ತಿದ್ದವು. ಎರಡೂ ಸರಿಯೇ. ‘ಕೆಂಪು ಇಲ್ಲಿದೆ, ನೀಲಿ ಅಲ್ಲಿದೆ’ ಎಂದು ಒಂದು ಯಂತ್ರದ ಲೆಕ್ಕದಲ್ಲಿ ಅಂಕಿಗಳನ್ನು ಬರೆದಿಟ್ಟು, ಅದೇ ಪ್ರೋಗ್ರಾಮನ್ನು ಇನ್ನೊಂದರ ಮೇಲೆ ಓಡಿಸಿದಾಗ ಚೆಂಡುಹೂವು ನೀಲಿಯಾಗುತ್ತದೆ.

ಇದಕ್ಕೆ ಮದ್ದು ಎರಡು ಬಗೆ. ಯಂತ್ರ ಯಾವುದೆಂದು ಕೇಳಿ, ಉತ್ತರಕ್ಕೆ ತಕ್ಕಂತೆ ಎರಡು ಜೊತೆ ಅಂಕಿಗಳನ್ನು ಬರೆಯುವುದು ಮೊದಲನೆಯದು. ಆ ಪ್ರಶ್ನೆ ಕೇಳಲು ಎಸ್‌ಡಿಎಲ್ ಲೈಬ್ರರಿ ಇಟ್ಟಿರುವ ಗುರುತುಗಳನ್ನು ನೋಡಿ: ಕಿರಿಯ ಬೈಟ್ ಮೊದಲಿಡುವ ಯಂತ್ರಕ್ಕೆ 1234, ಹಿರಿಯದನ್ನು ಮೊದಲಿಡುವುದಕ್ಕೆ 4321. ವಿವರಣೆಯೇ ಬೇಡ, ಬೈಟ್‌ಗಳು ಅಂಕಿಯಲ್ಲೇ ಸಾಲು ಹಿಡಿದು ನಿಂತಿವೆ! ಎರಡನೆಯ ಮದ್ದು ಇನ್ನೂ ಹದವಾದದ್ದು. ‘ಮೆಮೊರಿಯಲ್ಲಿ ಬೈಟ್‌ಗಳು ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲೇ ಇರಲಿ’ ಎನ್ನುವ ಒಂದು ಹೆಸರನ್ನು ಲೈಬ್ರರಿಯೇ ಕೊಡುತ್ತದೆ. ಪಾರದರ್ಶಕತೆಯೂ ಸೇರಿದ ನಾಲ್ಕು ಬೈಟಿನ ಚಿತ್ರಕ್ಕಾದರೆ ಆ ಹೆಸರು ‘ಆರ್‌ಜಿಬಿಎ 32’. ಒಳಗೆ ಅದು ಒಂದು ಜಾತಿಯ ಯಂತ್ರದಲ್ಲಿ ಒಂದು ವಿನ್ಯಾಸವನ್ನೂ, ಇನ್ನೊಂದರಲ್ಲಿ ಅದರ ಉಲ್ಟಾ ವಿನ್ಯಾಸವನ್ನೂ ಸೂಚಿಸುತ್ತದೆ. ಹೊರಗೆ ಬರೆಯುವವನಿಗೆ ಒಂದೇ ಪದ. ಮೊದಲ ಮದ್ದಿನಲ್ಲಿ ಹತ್ತು ಸಾಲು, ಎರಡನೆಯದರಲ್ಲಿ ಒಂದೇ. ನಾನು ಯಾವತ್ತೂ ಎರಡನೆಯದರ ಕಡೆಯವನು.

ಎಸ್‌ಡಿಎಲ್ ಎಂದೆ. ಸಿಂಪಲ್ ಡೈರೆಕ್ಟ್‌ಮೀಡಿಯಾ ಲೇಯರ್ ಎಂಬುದು ಅದರ ಪೂರ್ತಿ ಹೆಸರು. ಪರದೆಯ ಮೇಲೆ ಚಿತ್ರ ಮೂಡಿಸಲು, ಸ್ಪೀಕರಿನಲ್ಲಿ ದನಿ ಹೊರಡಿಸಲು, ಕೀಲಿಮಣೆ, ಮೌಸ್, ಆಟದ ಕಂಟ್ರೋಲರ್‌ಗಳ ಒತ್ತುಗಳನ್ನು ಹಿಡಿಯಲು ಬೇಕಾದ ಕೆಲಸವನ್ನೆಲ್ಲ ಸಿ ಭಾಷೆಯಲ್ಲಿ ಬರೆದಿಟ್ಟ ಲೈಬ್ರರಿ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರ ಮೇಲೂ ಒಂದೇ ಮಾತಿಗೆ ಒಂದೇ ಅರ್ಥ ಬರುವಂತೆ ನೋಡಿಕೊಳ್ಳುವುದು ಅದರ ಕಸುಬು. ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಇದನ್ನು ಶುರುಮಾಡಿದರು. ಮ್ಯಾಕಿನ ಪ್ರೋಗ್ರಾಮುಗಳನ್ನು ಬೇರೆ ಯಂತ್ರಗಳಲ್ಲಿ ಓಡಿಸುವ ಎಕ್ಸಿಕ್ಯೂಟರ್ ಎಂಬ ತಂತ್ರಾಂಶವನ್ನು ವಿಂಡೋಸ್‌ಗೆ ಪೋರ್ಟ್ ಮಾಡಿದ ಕೈ ಅದು. ವಿಂಡೋಸಿನ ಆಟಗಳನ್ನು ಲಿನಕ್ಸಿಗೆ ತರುತ್ತಿದ್ದ ಲೋಕಿ ಎಂಬ ಕಂಪನಿಯಲ್ಲಿ ಆ ಲೈಬ್ರರಿ ಪಳಗಿತು. ಲೋಕಿ 2002ರ ಆರಂಭದಲ್ಲೇ ಬಾಗಿಲು ಹಾಕಿತು, ಲೈಬ್ರರಿ ಉಳಿಯಿತು. ಎರಡನೆಯ ಪೀಳಿಗೆ 2013ರಲ್ಲಿ ಬಂತು, ಮೂರನೆಯದರ ಮೊದಲ ಸ್ಥಿರ ಆವೃತ್ತಿ 2025ರ ಜನವರಿಯಲ್ಲಿ.

ನಾನು ಇದನ್ನು ಸವಿಯುವುದು ಜವಳಗಿರಿಯಲ್ಲಿ ಕೂತು. ಹೊಸೂರು, ತಳಿ ದಾಟಿ ಕಾಡಿನಂಚಿಗೆ ಬಂದರೆ ನಮ್ಮೂರು. ಕೃಷ್ಣಗಿರಿ ಜಿಲ್ಲೆಯ ಈ ಕಾಡಿಗೆ ಆ ಕಡೆ ಬನ್ನೇರುಘಟ್ಟದ ಕಾಡು ಸೇರಿಕೊಂಡಿದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯ ಮೇಲೆ ಮಾತಾಡುವ ಊರು ಇದು. ಯಂತ್ರಗಳ ವಿಷಯದಲ್ಲೂ ನಮ್ಮಲ್ಲಿ ಬಗೆಬಗೆ ಇದೆ. ತಮಿಳುನಾಡು ಸರ್ಕಾರ 2011ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿತಲ್ಲ, ಆಗಿನವುಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಕೂಡ ಇತ್ತು. ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ. ಅದರ ಪಕ್ಕದಲ್ಲಿ ಈಗ ಎಲ್ಲರ ಕೈಯಲ್ಲೂ ಆಂಡ್ರಾಯ್ಡ್ ಫೋನು. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಒಂದು ಹಳೆಯ ಪುಟ್ಟ ಪ್ರೋಗ್ರಾಮು ಕೈಯಿಂದ ಕೈಗೆ ಬಂದು ನನ್ನ ಬಳಿ ಸೇರಿದೆ. ಅದು ಈ ಎಲ್ಲದರ ಮೇಲೂ ಓಡಬೇಕು. ಚಿತ್ರ ತೋರಿಸಬೇಕು, ದನಿ ಕೇಳಿಸಬೇಕು, ಮಗು ಒತ್ತಿದ ಅಕ್ಷರ ಮೂಡಿಸಬೇಕು. ಬಗ್‌ಗಳ ರುಚಿ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಅಡುಗೆಮನೆ ಇನ್ನೆಲ್ಲಿ ಸಿಗುತ್ತದೆ?

ಓರೆಯಾಗುವ ಚಿತ್ರದ ಬಗ್ ಬಗ್ಗೆ ಹೇಳಲೇಬೇಕು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ತುಂಬ ಸಾಮಾನ್ಯವಾಗಿದ್ದ ಪರದೆಯ ಅಳತೆ 1366 ಚುಕ್ಕೆ ಅಗಲ, 768 ಸಾಲು ಎತ್ತರ. ಚುಕ್ಕೆಗೆ ಮೂರು ಬೈಟ್ ಎಂದರೆ ಸಾಲಿಗೆ 4098 ಬೈಟ್. ಆದರೆ ಪ್ರತಿ ಸಾಲೂ ನಾಲ್ಕರಿಂದ ಭಾಗವಾಗುವ ಜಾಗದಲ್ಲಿ ಶುರುವಾದರೆ ಪ್ರೊಸೆಸರಿಗೆ ಹಿತ. ಹಾಗಾಗಿ ಲೈಬ್ರರಿ ಸಾಲಿಗೆ 4100 ಬೈಟ್ ಜಾಗ ಕೊಟ್ಟು, ಕೊನೆಯ ಎರಡನ್ನು ಖಾಲಿ ಬಿಡುತ್ತದೆ. ರಾಗಿ ಬಿತ್ತುವಾಗ ಸಾಲಿನ ತುದಿಯಲ್ಲಿ ಎತ್ತು ತಿರುಗಿಸಿಕೊಳ್ಳಲು ಕೂರಿಗೆ ಎತ್ತಿ ಒಂದಿಷ್ಟು ನೆಲ ಬಿಡುತ್ತಾರಲ್ಲ, ಹಾಗೆ. ಆ ನೆಲವನ್ನು ಲೆಕ್ಕಕ್ಕೆ ಹಿಡಿಯದೆ ‘ಅಗಲ ಗುಣಿಸು ಮೂರು’ ಎಂದು ಬರೆದವನ ಚಿತ್ರ ಪ್ರತಿ ಸಾಲಿಗೆ ಎರಡೆರಡು ಬೈಟ್ ಜಾರುತ್ತ ಹೋಗುತ್ತದೆ. 768ನೆಯ ಸಾಲು ಮುಗಿಯುವಷ್ಟರಲ್ಲಿ ಒಟ್ಟು ಜಾರಿಕೆ 1536 ಬೈಟ್, ಅಂದರೆ 512 ಚುಕ್ಕೆ! ನೆಟ್ಟಗೆ ನಿಂತ ತೆಂಗಿನಮರ ಓರೆಯಾಗಿ ವಾಲಿಬಿಡುತ್ತದೆ. ಜಾರಿಕೆ ಮೂರರ ಮಡಿಯಲ್ಲಿ ಇಲ್ಲದಿರುವುದರಿಂದ ಕೆಂಪು, ಹಸಿರು, ನೀಲಿಗಳೂ ಸಾಲಿನಿಂದ ಸಾಲಿಗೆ ಸ್ಥಾನ ಬದಲಿಸುತ್ತವೆ. ಮೂರು ಸಾಲಿಗೊಮ್ಮೆ ಮತ್ತೆ ಮೊದಲಿನ ಕ್ರಮಕ್ಕೆ ಬರುತ್ತವೆ. ಹತ್ತಿರದಿಂದ ನೋಡಿದರೆ ಮೂರೆಳೆಯ ನೇಯ್ಗೆ, ದೂರದಿಂದ ನೋಡಿದರೆ ಬಣ್ಣಬಣ್ಣದ ಮಂಜು.

ಈ 4098ನ್ನು 4100 ಮಾಡುವ ಲೆಕ್ಕ ಎಸ್‌ಡಿಎಲ್ ಎರಡನೆಯ ಪೀಳಿಗೆಯ ಮೂಲದಲ್ಲಿ ಒಂದೇ ಸಾಲಿನಲ್ಲಿದೆ: ಮೂರು ಕೂಡಿಸು, ಕೊನೆಯ ಎರಡು ಬಿಟ್ ಒರೆಸು. ಅಷ್ಟೇ. 4098ಕ್ಕೆ ಮೂರು ಕೂಡಿಸಿದರೆ 4101. ಕೊನೆಯ ಎರಡು ಬಿಟ್ ಒರೆಸಿದರೆ 4100. ಮೊದಲೇ ನಾಲ್ಕರ ಮಡಿಯಲ್ಲಿರುವ ಸಂಖ್ಯೆ ಕೊಟ್ಟು ನೋಡಿ, ಕದಲದೆ ಅದೇ ವಾಪಸು ಬರುತ್ತದೆ. ಭಾಗಾಕಾರ ಇಲ್ಲ, ಶೇಷ ನೋಡುವುದಿಲ್ಲ, ‘ಹೀಗಿದ್ದರೆ ಹಾಗೆ’ ಎಂಬ ಕವಲೂ ಇಲ್ಲ. ಪ್ರೋಗ್ರಾಮರ್‌ಗಳ ಮನೆಮಾತಾಗಿರುವ ಹಳೆಯ ಉಪಾಯವೇ ಇದು. ಆದರೂ ಇದನ್ನು ಓದುವಾಗಲೆಲ್ಲ ನಾನು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಇನ್ನು ದನಿ. ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಅವಸರಪಟ್ಟರೆ ಕೆಡುತ್ತದೆ.

ಕಂಪ್ಯೂಟರ್ ದನಿ ಹೊರಡಿಸುವುದು ಸಂಖ್ಯೆಗಳ ಸಾಲಿನಿಂದ. ಸೆಕೆಂಡಿಗೆ 48,000 ಸಂಖ್ಯೆ, ಒಂದೊಂದೂ ಸ್ಪೀಕರಿನ ಪೊರೆ ಆ ಕ್ಷಣಕ್ಕೆ ಎಲ್ಲಿರಬೇಕೆಂದು ಹೇಳುತ್ತದೆ. ಧ್ವನಿಯಂತ್ರ ಆಗಾಗ ‘ಮುಂದಿನ ತುಂಡು ಕೊಡು’ ಎಂದು ಕೇಳುತ್ತದೆ, ಪ್ರೋಗ್ರಾಮು ತುಂಬಿ ಕೊಡಬೇಕು. ತುಂಡಿಗೆ 1024 ಸಂಖ್ಯೆ ಎಂದುಕೊಂಡರೆ ಸಿಗುವ ಬಿಡುವು ಸುಮಾರು 21 ಮಿಲಿಸೆಕೆಂಡು. ಕೊಡಲು ದನಿಯಿಲ್ಲದಿದ್ದಾಗ ಏನು ಕೊಡಬೇಕು? ಮೌನ ಕೊಡಬೇಕು. ಮೌನಕ್ಕೂ ಒಂದು ಸಂಖ್ಯೆ ಬೇಕು. ಸೊನ್ನೆ ಎಂದು ಯಾರಿಗಾದರೂ ಹೊಳೆಯುತ್ತದೆ. ಹದಿನಾರು ಬಿಟ್ಟಿನ ದನಿಯಲ್ಲಿ ಸಂಖ್ಯೆಗಳು ಸೊನ್ನೆಯ ಎರಡು ಕಡೆಗೂ ಹರಡಿರುವುದರಿಂದ ಅದು ಸರಿ. ಆದರೆ ಹಳೆಯ ಎಂಟು ಬಿಟ್ಟಿನ ದನಿಯಲ್ಲಿ ಸಂಖ್ಯೆಗಳು 0ಯಿಂದ 255ರವರೆಗೆ. ಅಲ್ಲಿ ಪೊರೆ ನೆಮ್ಮದಿಯಾಗಿ ನಡುವೆ ನಿಲ್ಲುವ ಜಾಗ 128. ಅಲ್ಲಿ ಸೊನ್ನೆ ಕೊಟ್ಟರೆ ಪೊರೆ ಒಂದು ಕೊನೆಗೆ ಪೂರ್ತಿ ಸೆಳೆದುಕೊಂಡು ನಿಲ್ಲುತ್ತದೆ. ಮೌನ ಶುರುವಾಗುವಾಗ ಒಂದು ‘ಟಪ್’, ಮುಗಿಯುವಾಗ ಇನ್ನೊಂದು ‘ಟಪ್’.

ಹಗಲಿನ ಗದ್ದಲದಲ್ಲಿ ಆ ಟಪ್ಪು ಕೇಳಿಸುವುದಿಲ್ಲ. ನಮ್ಮೂರಿನ ರಾತ್ರಿ ಬೇಕು. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ಇತ್ತ ಬರುತ್ತವೆ. ಹೊಲ ಕಾಯುವವರು ಅಟ್ಟಣೆಯ ಮೇಲೆ ಕಿವಿಯಾಗಿ ಕೂತಿರುತ್ತಾರೆ, ಊರೆಲ್ಲ ದನಿ ತಗ್ಗಿಸಿರುತ್ತದೆ. ಅಂಥ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆ ಅಕ್ಷರದ ಪ್ರೋಗ್ರಾಮನ್ನು ಓಡಿಸಿದೆ. ‘ಅ’ ಎಂಬ ದನಿಗೆ ಮುಂಚೆ ಒಂದು ಟಪ್, ಆಮೇಲೆ ಒಂದು ಟಪ್. ಎಷ್ಟು ಸಣ್ಣದೆಂದರೆ ಉಗುರಿನಿಂದ ಮೇಜು ತಾಗಿಸಿದಷ್ಟು. ಕೋಡು ತೆರೆದರೆ, ಮೌನವೆಂದರೆ ಸೊನ್ನೆ ಎಂದು ಧೈರ್ಯವಾಗಿ ಬರೆದ ಸಾಲು ಅಲ್ಲೇ ಇತ್ತು.

ಇಲ್ಲಿ 128 ಎಂದು ತಿದ್ದಿದರೆ ಎಂಟು ಬಿಟ್ಟಿನ ದನಿ ಸರಿಹೋಗಿ ಹದಿನಾರರದು ಕೆಡುತ್ತದೆ. ಲೈಬ್ರರಿಯ ಜಾಣ್ಮೆ ಕಾಣುವುದು ಇಲ್ಲೇ. ಧ್ವನಿಯಂತ್ರವನ್ನು ತೆರೆದಾಗ ಎಸ್‌ಡಿಎಲ್ ಎರಡನೆಯ ಪೀಳಿಗೆ ಒಂದು ವಿವರಪಟ್ಟಿ ತುಂಬಿ ಕೊಡುತ್ತದೆ: ವೇಗ ಇಷ್ಟು, ಬಿಟ್ ಇಷ್ಟು, ಚಾನೆಲ್ ಇಷ್ಟು. ಆ ಪಟ್ಟಿಯಲ್ಲಿ ಒಂದು ಮನೆ ಮೌನಕ್ಕೆ. ಈ ಯಂತ್ರದಲ್ಲಿ, ಈ ಬಗೆಯ ದನಿಯಲ್ಲಿ, ಮೌನದ ಬೆಲೆ ಎಷ್ಟೆಂದು ಲೈಬ್ರರಿಯೇ ಲೆಕ್ಕ ಹಾಕಿ ಅಲ್ಲಿ ಬರೆದಿಟ್ಟಿರುತ್ತದೆ. ಸೊನ್ನೆಯನ್ನು ಅಳಿಸಿ ಆ ಮನೆಯ ಹೆಸರು ಬರೆದರೆ ತಿದ್ದುಪಡಿ ಮುಗಿಯಿತು. ಒಂದು ಪದದ ಬದಲಿಗೆ ಒಂದು ಪದ. ಮತ್ತೆ ಓಡಿಸಿದೆ. ‘ಅ’ ಎಂಬ ದನಿ ಎಲ್ಲಿಂದಲೋ ಬಂದು, ತುಂಬಿ, ಎಲ್ಲೂ ತಾಗದೆ ಹೋಯಿತು. ಮತ್ತೆ ಮತ್ತೆ ಕೇಳಿದೆ. ದನಿಗಾಗಿ ಅಲ್ಲ, ಅದರ ಎರಡು ಬದಿಯ ನುಣುಪಿಗಾಗಿ.

ಎರಡು ದನಿ ಒಟ್ಟಿಗೆ ಬಂದಾಗಿನ ಕತೆಯೂ ಸೊಗಸಾದದ್ದೇ. ಹದಿನಾರು ಬಿಟ್ಟಿನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32,767. ಒಂದು ದನಿ 20,000, ಇನ್ನೊಂದೂ 20,000 ಇದ್ದರೆ ಮೊತ್ತ ಅದನ್ನು ಮೀರಿ, ಸುತ್ತು ತಿರುಗಿ, ಋಣ 25,536 ಆಗಿಬಿಡುತ್ತದೆ. ಪೊರೆ ಒಂದು ತುದಿಯಿಂದ ಇನ್ನೊಂದಕ್ಕೆ ಚಿಮ್ಮಿ ‘ಚಟಾರ್’ ಎನ್ನುತ್ತದೆ. ಎಸ್‌ಡಿಎಲ್‌ನ ಬೆರಕೆ ಕೋಡು ಮೊತ್ತವನ್ನು ಮೊದಲು ವಿಶಾಲವಾದ ಪಾತ್ರೆಯಲ್ಲಿ ಕೂಡಿಸಿಕೊಂಡು, ಮೀರಿದ್ದನ್ನು 32,767ಕ್ಕೆ ತಡೆದು ನಿಲ್ಲಿಸುತ್ತದೆ.

ಈಗ ಬಂತು ನನ್ನ ಅಚ್ಚುಮೆಚ್ಚಿನದು. ಪಕ್ಕದ ಮನೆಯ ಹುಡುಗಿ ಒಂದು ದಿನ ಬಂದು ದೂರು ಹೇಳಿದಳು: “ಮಾಮಾ, ಫೋನಲ್ಲಿ ಒತ್ತಿದ್ರೆ ಅಕ್ಷರ ಬರುತ್ತೆ, ಲ್ಯಾಪ್‌ಟಾಪಲ್ಲಿ ಒತ್ತಿದ್ರೆ ಏನೂ ಬರಲ್ಲ. ಇಂಗ್ಲಿಷ್ ಆದ್ರೆ ಎರಡರಲ್ಲೂ ಬರುತ್ತೆ.” ಇಷ್ಟು ಅಚ್ಚುಕಟ್ಟಾದ ದೂರನ್ನು ಪಳಗಿದ ಪರೀಕ್ಷಕರೂ ಬರೆಯುವುದು ಅಪರೂಪ. ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ, ಯಾವುದಕ್ಕೆ ತೊಂದರೆಯಿಲ್ಲ, ಮೂರೂ ಅದರಲ್ಲಿವೆ.

ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಮತ್ತು ಪ್ರತಿಯೊಂದೂ ಶುರುವಾಗುವುದು 224 ಎಂಬ ಬೈಟಿನಿಂದ. ಅ ಆಗಲಿ, ಳ ಆಗಲಿ, ಗುಣಿತದ ಕೊಂಬಾಗಲಿ, ಮೊದಲು 224. ಆ ಪ್ರೋಗ್ರಾಮಿನಲ್ಲಿ ‘ಬೈಟ್ 32ಕ್ಕಿಂತ ಕಡಿಮೆಯಿದ್ದರೆ ಅದು ಅಕ್ಷರವಲ್ಲ, ಬಿಡು’ ಎಂಬ ಒಂದು ಸಾಲಿತ್ತು. ಟ್ಯಾಬ್, ಎಂಟರ್ ಮುಂತಾದ ಕಣ್ಣಿಗೆ ಕಾಣದ ಗುರುತುಗಳನ್ನು ಸೋಸಲು ಬರೆದದ್ದು. 224 ಎಲ್ಲಿ, 32 ಎಲ್ಲಿ? ಸೋಸುವ ಪ್ರಶ್ನೆಯೇ ಬರಬಾರದು. ಆದರೆ ಸಿ ಭಾಷೆಯಲ್ಲಿ ‘ಚಾರ್’ ಎಂಬ ಒಂದು ಬೈಟಿನ ಪೆಟ್ಟಿಗೆಗೆ ಋಣಸಂಖ್ಯೆ ಇರಬೇಕೋ ಬೇಡವೋ ಎಂಬುದನ್ನು ಭಾಷೆ ತೀರ್ಮಾನಿಸಿಲ್ಲ, ಆಯಾ ಯಂತ್ರದ ಕಂಪೈಲರಿಗೆ ಬಿಟ್ಟಿದೆ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಋಣ ಉಂಟು: 127 ದಾಟಿದ್ದೆಲ್ಲ ಋಣವಾಗಿ, 224 ಎಂಬುದು -32 ಆಗುತ್ತದೆ. -32 ಖಂಡಿತವಾಗಿ 32ಕ್ಕಿಂತ ಕಡಿಮೆ. ಕನ್ನಡ ಪೂರ್ತಿ ಸೋಸಿಹೋಗುತ್ತದೆ, ಇಂಗ್ಲಿಷ್ ಉಳಿಯುತ್ತದೆ. ಫೋನಿನ ಆರ್ಮ್ ಪ್ರೊಸೆಸರಿನಲ್ಲಿ ಋಣ ಇಲ್ಲ: 224 ಎಂದರೆ 224. ಅಕ್ಷರ ಮೂಡುತ್ತದೆ.

ಒಂದೇ ಸಾಲು, ಎರಡು ಯಂತ್ರ, ಎರಡು ಸತ್ಯ. ಬರೆದವರು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದ್ದರೆ ನೂರು ವರ್ಷ ಓಡಿಸಿದರೂ ಇದು ಕಾಣುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೇ ಮುಗಿಯುತ್ತವೆ. ಕನ್ನಡ ಬಂದದ್ದರಿಂದ ಮರೆಯಲ್ಲಿದ್ದ ಬಿರುಕು ಬೆಳಕಿಗೆ ಬಂತು. ತಿದ್ದುಪಡಿ? ಹೋಲಿಸುವ ಮೊದಲು ‘ಇದನ್ನು ಋಣವಿಲ್ಲದ ಬೈಟೆಂದು ಓದು’ ಎಂದು ಒಂದು ಮಾತು. ಎಸ್‌ಡಿಎಲ್ ಅದಕ್ಕೆಂದೇ ‘ಯುಇಂಟ್ 8’ ಎಂಬ ಹೆಸರನ್ನು ಮೊದಲಿನಿಂದ ಇಟ್ಟಿದೆ, ಯಾವ ಯಂತ್ರದಲ್ಲೂ ಅದು 0ಯಿಂದ 255. ಸೇರಿಸಿದ್ದು ಆ ಒಂದು ಪದ, ಕಂಸದೊಳಗೆ. ಹುಡುಗಿ ಲ್ಯಾಪ್‌ಟಾಪಿನ ಮುಂದೆ ಕೂತು ಮೊದಲು ಒತ್ತಿದ್ದು ಜ.

ಅಕ್ಷರ ಪ್ರೋಗ್ರಾಮಿಗೆ ಬಂದು ತಲುಪುವ ದಾರಿಯಲ್ಲೂ ಒಂದು ರುಚಿಯಿದೆ. ಎಸ್‌ಡಿಎಲ್ ಎರಡನೆಯ ಪೀಳಿಗೆಯಲ್ಲಿ, ಒತ್ತಿದ ಪಠ್ಯ 32 ಬೈಟಿನ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಬರುತ್ತದೆ. ಕೊನೆಯ ಸೊನ್ನೆಗೆ ಒಂದು ಬೈಟ್ ಹೋದರೆ ಉಳಿದದ್ದು 31, ಅಂದರೆ ಕನ್ನಡದ ಹತ್ತು ಸಂಕೇತ. ನಮ್ಮ ತಾಲ್ಲೂಕಿನ ಹೆಸರು ಎಣಿಸಿ ನೋಡಿದೆ: ಡೆಂಕಣಿಕೋಟೆ. ಸರಿಯಾಗಿ ಹತ್ತು ಸಂಕೇತ, 30 ಬೈಟ್. ಪೆಟ್ಟಿಗೆಗೆಂದೇ ಹೊಲಿಸಿದಂತೆ ಕೂತಿದೆ! ‘ಡೆಂಕಣಿಕೋಟೆಗೆ’ ಎಂದರೆ 36 ಬೈಟ್, ಹಿಡಿಸುವುದಿಲ್ಲ. ಆಗ ಕುರುಡಾಗಿ 31ಕ್ಕೆ ಕತ್ತರಿಸಿದರೆ ‘ಗ’ದ ಮೂರು ಬೈಟಿನಲ್ಲಿ ಒಂದು ಈ ಕಡೆ, ಎರಡು ಆ ಕಡೆ ಬಿದ್ದು, ಎರಡೂ ಕಡೆ ಚೌಕುಳಿಯ ಕಸ ಕಾಣಿಸುತ್ತದೆ. ಲೈಬ್ರರಿಯ ನಕಲು ಮಾಡುವ ಕೋಡು ಹಾಗೆ ಮಾಡುವುದಿಲ್ಲ. ಕತ್ತರಿಸುವ ಜಾಗಕ್ಕೆ ಬಂದಾಗ ಹಿಂದಕ್ಕೆ ತಿರುಗಿ, ಸಂಕೇತ ಶುರುವಾಗುವ ಬೈಟ್ ಎಲ್ಲಿದೆಯೆಂದು ತಡವಿ, ಅದು ಪೂರ್ತಿ ಹಿಡಿಸದಿದ್ದರೆ ಅದರ ಮುಂಚೆಯೇ ನಿಲ್ಲಿಸುತ್ತದೆ. ಆಮೇಲಿನ ಆವೃತ್ತಿಗಳಲ್ಲಿ ಉಳಿದ ಭಾಗ ಇನ್ನೊಂದು ಪೆಟ್ಟಿಗೆಯಲ್ಲಿ ಹಿಂದೆಯೇ ಬರುತ್ತದೆ. ಮೂರನೆಯ ಪೀಳಿಗೆಯಲ್ಲಿ ಪೆಟ್ಟಿಗೆಯನ್ನೇ ತೆಗೆದುಹಾಕಿ, ಎಷ್ಟುದ್ದವಿದ್ದರೂ ಪಠ್ಯ ಇರುವ ಜಾಗವನ್ನು ತೋರಿಸುವ ಏರ್ಪಾಡು ಮಾಡಿದ್ದಾರೆ. ಅದು ಒಳ್ಳೆಯದೇ, ಆದರೆ ಆ ಹಿಂದಕ್ಕೆ ತಿರುಗಿ ತಡವುವ ನಾಜೂಕು ನನಗೆ ಇನ್ನೂ ಹೆಚ್ಚು ಪ್ರಿಯ.

ಬಂದ ಅಕ್ಷರವನ್ನು ಬರೆದು ತೋರಿಸುವುದು ಬೇರೆಯೇ ಕಲೆ. ಎಸ್‌ಡಿಎಲ್ ಜೊತೆಗಾರ ಎಸ್‌ಡಿಎಲ್ ಟಿಟಿಎಫ್ ಎಂಬ ಲೈಬ್ರರಿ ಬಹುಕಾಲ ಫ್ರೀಟೈಪ್ ಒಂದನ್ನೇ ನಂಬಿಕೊಂಡಿತ್ತು. ಫ್ರೀಟೈಪ್ ಒಂದೊಂದು ಅಕ್ಷರದ ಆಕಾರವನ್ನು ಬಿಡಿಬಿಡಿಯಾಗಿ ಬಿಡಿಸಿಕೊಡುತ್ತದೆ, ಯಾವುದರ ಜೊತೆ ಯಾವುದು ಹೇಗೆ ಕೂಡಬೇಕೆಂಬುದು ಅದರ ಕೆಲಸವಲ್ಲ. ಇಂಗ್ಲಿಷಿಗೆ ಅಷ್ಟು ಸಾಕು. ನಮಗೆ ಸಾಲದು. ಇದನ್ನು ಪರೀಕ್ಷಿಸಲು ನಾನು ಬಸ್ಸಿನ ಬೋರ್ಡಿನ ಹೆಸರುಗಳನ್ನೇ ಬಳಸುತ್ತೇನೆ, ಅವು ಒಂದಕ್ಕಿಂತ ಒಂದು ಕಠಿಣವಾಗುತ್ತ ಹೋಗುತ್ತವೆ. ಜವಳಗಿರಿ: ‘ಜವಳ’ ಚೆನ್ನಾಗಿಯೇ ಬರುತ್ತದೆ, ‘ಗಿರಿ’ಯಲ್ಲಿ ಗುಡಿಸು ಅಕ್ಷರಕ್ಕೆ ಬೆಸೆದುಕೊಳ್ಳದೆ ಪಕ್ಕದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಹೊಸೂರು: ‘ಹೊ’ದ ಒಂದೇ ಸಂಕೇತ ಎರಡು ತುಂಡಾಗಿ, ಒಂದು ಭಾಗ ತಲೆಯ ಮೇಲೂ ಇನ್ನೊಂದು ಬಲಕ್ಕೂ ಹೋಗಬೇಕು. ಕೃಷ್ಣಗಿರಿ: ‘ಣ’ ಪುಟ್ಟದಾಗಿ ‘ಷ’ದ ಕೆಳಗೆ ಇಳಿಯಬೇಕು, ಒಂಬತ್ತು ಸಂಕೇತ ನಾಲ್ಕೇ ಅಕ್ಷರವಾಗಿ ಮಡಿಚಿಕೊಳ್ಳಬೇಕು. ಕೊನೆಗೆ ಧರ್ಮಪುರಿ, 2004ರವರೆಗೆ ನಾವಿದ್ದ ಜಿಲ್ಲೆ. ಅದರ ‘ರ್ಮ’ದಲ್ಲಿ ಮೊದಲು ಒತ್ತಿದ್ದು ರ, ಮೆಮೊರಿಯಲ್ಲಿ ಮೊದಲಿರುವುದೂ ರ. ಆದರೆ ಪರದೆಯ ಮೇಲೆ ಮೊದಲು ಮ ಬಂದು, ಅದರ ಬಲಗಡೆ ಅರ್ಕಾವತ್ತಾಗಿ ರ ಕೂರಬೇಕು. ಕಾಲದಲ್ಲಿ ಮೊದಲು, ಜಾಗದಲ್ಲಿ ಆಮೇಲೆ.

ಇದನ್ನೆಲ್ಲ ಬಲ್ಲದ್ದು ಹಾರ್ಫ್‌ಬಝ್ ಎಂಬ ಇನ್ನೊಂದು ಲೈಬ್ರರಿ, ಬೆಹದಾದ್ ಎಸ್ಫಹ್‌ಬೋದ್ ಕಟ್ಟಿ ಬೆಳೆಸಿದ್ದು. ಪಠ್ಯವನ್ನು ಅಕ್ಷರಗಳ ಗೊಂಚಲಾಗಿ ಬಿಡಿಸಿ, ಅರ್ಕಾವತ್ತನ್ನು ಹಿಂದಕ್ಕೆ ಸರಿಸಿ, ಒತ್ತುಗಳನ್ನು ಗುರುತಿಸಿ, ಫಾಂಟಿನೊಳಗಿನ ನಿಯಮಗಳನ್ನು ಒಂದೊಂದಾಗಿ ಅನ್ವಯಿಸಿ, ಯಾವ ಆಕಾರ ಎಷ್ಟು ದೂರದಲ್ಲಿ ಕೂರಬೇಕೆಂದು ಅದು ಹೇಳುತ್ತದೆ. 2022ರ ಸುಮಾರಿನ ಆವೃತ್ತಿಗಳಿಂದ ಎಸ್‌ಡಿಎಲ್ ಟಿಟಿಎಫ್ ಇದನ್ನು ಜೊತೆಗೆ ಸೇರಿಸಿಕೊಳ್ಳಬಲ್ಲದು. ಅದಕ್ಕೂ ಮೊದಲು ಬೇರೆ ದಾರಿ ಹುಡುಕಿದವರಿದ್ದರು. ಬಿಲ್ ಕೆಂಡ್ರಿಕ್ 2002ರಲ್ಲಿ ಶುರುಮಾಡಿದ, ಕನ್ನಡದಲ್ಲೂ ಸಿಗುವ, ಮಕ್ಕಳು ಚಿತ್ರ ಬರೆಯುವ ಟಕ್ಸ್ ಪೇಂಟ್ ಎಸ್‌ಡಿಎಲ್ ಮೇಲೆಯೇ ನಿಂತಿದೆ. ಅದು ಪ್ಯಾಂಗೋ ಎಂಬ ಪಠ್ಯದ ಲೈಬ್ರರಿಯ ಕೈ ಹಿಡಿದು ಇಂಥ ಲಿಪಿಗಳನ್ನು ತೋರಿಸುತ್ತ ಬಂದಿದೆ.

ಹಾರ್ಫ್‌ಬಝ್ ಜೋಡಿಸಿದ ಮೇಲೆ ಆ ಬೋರ್ಡಿನ ಹೆಸರುಗಳನ್ನು ದೊಡ್ಡ ಅಳತೆಯಲ್ಲಿ ಪರದೆ ತುಂಬ ಬರೆಸಿದೆ. ಷ್ಣದ ಒತ್ತು ತನ್ನ ಜಾಗಕ್ಕೆ ಇಳಿದು ಕೂತ ರೀತಿ, ಗಿರಿಯ ಗುಡಿಸು ಅಕ್ಷರದ ತಲೆಯಿಂದಲೇ ಹೊರಟಂತೆ ದುಂಡಗೆ ಸುತ್ತಿದ ರೀತಿ, ಅರ್ಕಾವತ್ತು ಮ ಅಕ್ಷರಕ್ಕೆ ತಾಗಿಯೂ ತಾಗದಂತೆ ನಿಂತ ರೀತಿ… ಸುಮ್ಮನೆ ನೋಡುತ್ತ ಕೂತೆ. ಬಳಿಕ ಕೊನೆಯ ಪರೀಕ್ಷೆ: ರ‍್ಯಾಂಕ್. ಇಲ್ಲಿ ರ ಅರ್ಕಾವತ್ತಾಗಬಾರದು, ತಾನೇ ನಿಂತು ಯ ಅದರ ಒತ್ತಾಗಬೇಕು. ಅದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡುತ್ತಾರೆ. ಮಸಿ ಇಲ್ಲ, ಅಗಲ ಇಲ್ಲ, ಆದರೆ ಮೂರು ಬೈಟ್ ಉಂಟು. ಖಾಲಿ ಕಂಡದ್ದನ್ನೆಲ್ಲ ಗುಡಿಸಿಹಾಕುವ ಕೋಡು ಎಲ್ಲಾದರೂ ನಡುವೆ ಇದ್ದರೆ ಈ ಜೋಡಕವೇ ಮೊದಲ ಬಲಿ. ನಮ್ಮಲ್ಲಿ ಅದು ಕೊನೆಯವರೆಗೂ ಸುರಕ್ಷಿತವಾಗಿ ಬಂತು.

ಕಾಲದ ಬಗ್ಗೆ ಎರಡು ಮಾತು. ಪ್ರೋಗ್ರಾಮಿನೊಳಗೆ ಎಸ್‌ಡಿಎಲ್ ಶುರುವಾದಾಗಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತೆಂದು ಎಣಿಸುವ ಹಳೆಯ ಗಡಿಯಾರ 32 ಬಿಟ್ಟಿನದು. 49 ದಿನ 17 ಗಂಟೆ ಕಳೆದಾಗ ಅದು ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ‘ಈಗಿನ ಹೊತ್ತು ಗೊತ್ತುಮಾಡಿದ ಹೊತ್ತಿಗಿಂತ ಹೆಚ್ಚೇ?’ ಎಂದು ಕೇಳಿದರೆ ಆ ತಿರುವಿನಲ್ಲಿ ಉತ್ತರ ತಪ್ಪುತ್ತದೆ. ‘ಒಂದರಿಂದ ಇನ್ನೊಂದನ್ನು ಕಳೆದರೆ ಚಿಹ್ನೆ ಯಾವುದು?’ ಎಂದು ಕೇಳಿದರೆ ತಪ್ಪುವುದಿಲ್ಲ, ಏಕೆಂದರೆ ಕಳೆಯುವಾಗಲೂ ಸಂಖ್ಯೆ ಅದೇ ರೀತಿ ಸುತ್ತು ತಿರುಗಿ ವ್ಯತ್ಯಾಸ ಸರಿಯಾಗಿಯೇ ಉಳಿಯುತ್ತದೆ. ಲೈಬ್ರರಿ ಈ ಪ್ರಶ್ನೆಯನ್ನು ಸಿದ್ಧವಾಗಿಟ್ಟಿತ್ತು. ಈಗ 64 ಬಿಟ್ಟಿನ ಗಡಿಯಾರವೇ ಬಂದು ಚಿಂತೆ ತಪ್ಪಿದೆ.

ಹಳೆಯದನ್ನು ಬದುಕಿಸಿಡುವ ಕೆಲಸದಲ್ಲಿ ರಯಾನ್ ಗಾರ್ಡನ್ ಎತ್ತಿದ ಕೈ. ಇವರೂ ಲೋಕಿಯಲ್ಲಿ ಪಳಗಿದವರು. ಲಿನಕ್ಸಿನ ಹಳೆಯ ಆಟಗಳು ಮೊದಲ ಪೀಳಿಗೆಯ ಎಸ್‌ಡಿಎಲ್ ಕೇಳುತ್ತವೆ. ಅವುಗಳಲ್ಲಿ ಎಷ್ಟೋ ಆಟಗಳ ಮೂಲ ಕೋಡು ನಮ್ಮ ಕೈಗೆ ಸಿಗುವುದಿಲ್ಲ, ತಿದ್ದುವಂತಿಲ್ಲ. ಆದ್ದರಿಂದ ಹೊರಗಿನಿಂದ ಥೇಟು ಹಳೆಯ ಲೈಬ್ರರಿಯ ಹಾಗೆಯೇ ಕಂಡು, ಒಳಗೆ ಪ್ರತಿ ಕೋರಿಕೆಯನ್ನೂ ಹೊಸ ಪೀಳಿಗೆಗೆ ದಾಟಿಸುವ ಒಂದು ಪದರವನ್ನು ಬರೆದರು. ಇನ್ನೊಂದು ಉಪಾಯವೂ ಅವರದೇ. ಎರಡನೆಯ ಪೀಳಿಗೆಯನ್ನು ತಮ್ಮೊಳಗೇ ಬೆಸೆದುಕೊಂಡು ಹೊರಬಂದ ಆಟಗಳಿವೆಯಲ್ಲ, ಅವುಗಳಲ್ಲಿ ಲೈಬ್ರರಿಯ ಪ್ರತಿ ಕರೆಯೂ ವಿಳಾಸಗಳ ಒಂದು ಪಟ್ಟಿಯ ಮೂಲಕವೇ ಹೋಗುತ್ತದೆ. ಮೊದಲ ಕರೆ ಬಂದಾಗ ಲೈಬ್ರರಿ ಸುತ್ತ ನೋಡಿ, ಬಳಕೆದಾರ ಹೊಸ ಎಸ್‌ಡಿಎಲ್ ಒಂದನ್ನು ತೋರಿಸಿದ್ದರೆ ಪಟ್ಟಿಯ ವಿಳಾಸಗಳನ್ನೆಲ್ಲ ಅದರತ್ತ ತಿರುಗಿಸಿ ತಾನು ಪಕ್ಕಕ್ಕೆ ಸರಿಯುತ್ತದೆ. ಆಟ ಬರೆದವರು ಎಂದೋ ಕೈಬಿಟ್ಟ ಮೇಲೂ ಆಟ ಹೊಸ ಯಂತ್ರದಲ್ಲಿ ಓಡುತ್ತಲೇ ಇರುತ್ತದೆ. ಮುಂದೆ ಬರಲಿರುವ, ತಾನು ಕಂಡೇ ಇರದ ಲೈಬ್ರರಿಗೆ ಜಾಗ ಬಿಟ್ಟು ಬರೆದ ಕೋಡು ಅದು. ಓದುವಾಗ ಎದೆ ತುಂಬುತ್ತದೆ.

ಎಸ್‌ಡಿಎಲ್ ಮೂಲವನ್ನು ಯಾರು ಬೇಕಾದರೂ ತೆರೆದು ಓದಬಹುದು. ನಿಮಗೂ ರುಚಿ ನೋಡಬೇಕೆನಿಸಿದರೆ ಮೊದಲು ‘ಎಂಡಿಯನ್’ ಎಂಬ ಹೆಸರಿನ ಹೆಡರ್ ಕಡತ ತೆರೆಯಿರಿ. 1234, 4321 ಅಲ್ಲೇ ಸಿಗುತ್ತವೆ. ಅದಾದಮೇಲೆ ‘ಸ್ಟ್ರಿಂಗ್’ ಕಡತಕ್ಕೆ ಹೋಗಿ, ಯುಟಿಎಫ್-8 ಪಠ್ಯವನ್ನು ಅಳತೆಗೆ ತಕ್ಕಂತೆ ನಕಲು ಮಾಡುವ ಭಾಗವನ್ನು ಹುಡುಕಿ, ಹಿಂದಕ್ಕೆ ತಿರುಗಿ ತಡವುವ ಆ ಸಾಲುಗಳನ್ನು ನಿಧಾನವಾಗಿ ಓದಿ. ಹೋಗುವ ಮೊದಲು ನಿಮ್ಮ ಊರ ಹೆಸರಿನ ಬೈಟ್‌ಗಳನ್ನು ಎಣಿಸಿಟ್ಟುಕೊಂಡಿರಿ. ಒತ್ತಕ್ಷರ ಇರುವ ಊರಾದರೆ ಇನ್ನೂ ಒಳ್ಳೆಯದು.